ಕೆಮ್ಮು ಬಂದ ಪುಟಗಳು

ನಮ್ಮ ದೊಡ್ಡಮ್ಮನ ಅಂಗಡಿಯಲ್ಲಿ ಯಾರೂ ಕೆಮ್ಮುವಂತಿಲ್ಲ. ಹಾಗಂತ ಬೋರ್ಡು ಹಾಕಿಲ್ಲ, ಆದರೆ ಬೀದಿಗೆಲ್ಲ ಗೊತ್ತು. ಬಟ್ಟೆ ಹೊಲಿಸಲು ಬಂದವರು ಚೌಕಾಸಿ ಮಾಡಲಿ, ಇಲ್ಲದ ಸುದ್ದಿಯೆಲ್ಲ ಹರಟಲಿ, ಅವರ ಮಕ್ಕಳು ಬೆಂಚು ಹತ್ತಿ ಕುಣಿಯಲಿ, ದೊಡ್ಡಮ್ಮನ ಮಿಷನ್ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ. ಯಾರಾದರೂ ಒಂದು ಸಲ ಕೆಮ್ಮಿದರೆ ಮಾತ್ರ ಪೆಡಲಿನ ಮೇಲೆ ಅವಳ ಕಾಲು ಗಕ್ಕನೆ ನಿಲ್ಲುತ್ತದೆ. ತಿರುಗಿ ನೋಡುತ್ತಾಳೆ. ಕೆಮ್ಮಿದವರ ಕಡೆಗಲ್ಲ, ಬಟ್ಟೆ ಕತ್ತರಿಸುವ ಮೇಜಿನ ಕಡೆಗೆ. ಆಮೇಲೆ ಏನೂ ಆಗದವಳಂತೆ ಮತ್ತೆ ಹೊಲಿಯುತ್ತಾಳೆ.

ಇದಕ್ಕೆ ಬೀದಿಯವರು ತಲೆಗೊಂದು ಕಾರಣ ಕಟ್ಟಿದ್ದಾರೆ. ಅವಳ ತಾಯಿ ಕೆಮ್ಮಿ ಕೆಮ್ಮಿ ಸತ್ತಳಂತೆ, ಆ ಭಯ ಇನ್ನೂ ಹೋಗಿಲ್ಲವಂತೆ ಎನ್ನುತ್ತಾಳೆ ಹಾಲಿನವಳು. ಎದುರಿನ ಔಷಧಿ ಅಂಗಡಿಯವನಿಗೆ ಇದೊಂದು ತಮಾಷೆ. ನಿಮಗೆ ಹೆದರಿ ಜನ ಕೆಮ್ಮಿನ ಸಿರಪ್ ಕುಡಿದೇ ಬಟ್ಟೆ ಕೊಡಲು ಬರುತ್ತಾರೆ, ನಿಮಗೊಂದು ಕಮಿಷನ್ ಕೊಡಬೇಕು ನಾನು ಎಂದು ರೇಗಿಸುತ್ತಾನೆ. ಇಬ್ಬರದೂ ತಪ್ಪು. ಅಜ್ಜಿ ಸತ್ತದ್ದು ಹೊಟ್ಟೆಯ ಕಾಯಿಲೆಯಿಂದ. ಕೆಮ್ಮಿನ ವಿಷಯ ಬೇರೆಯೇ ಇದೆ. ಅದನ್ನು ನಾನು ತಣ್ಣಗೆ ಹೇಳುತ್ತೇನೆಂದು ಯಾರೂ ನಿರೀಕ್ಷಿಸಬೇಡಿ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಅಂಗಡಿ ಮೊದಲು ತಾತನದಾಗಿತ್ತು. ಉದ್ದನೆಯ ಕೋಣೆ. ಬಾಗಿಲ ಹತ್ತಿರ ತಾತ ನಿಂತು ಬಟ್ಟೆ ಕತ್ತರಿಸುವ ಮೇಜು, ಮೇಜಿಗೆ ತಾಗಿದಂತೆ ಗಿರಾಕಿಗಳು ಕೂರುವ ಬೆಂಚು. ಬೆಳಕು ಬೇಕೆಂದು ಮಿಷನ್ನನ್ನು ಹಿಂಬದಿಯ ಕಿಟಕಿಯ ಕೆಳಗೆ ಇಟ್ಟಿದ್ದರು. ಅಲ್ಲಿ ಕೂತವರ ಮುಖ ಕಿಟಕಿಗೆ, ಬೆನ್ನು ಅಂಗಡಿಗೆ. ಹಿಂದೆ ಯಾರು ಬಂದರು, ಯಾರು ಹೋದರು ಎಂಬುದೆಲ್ಲ ಅವರಿಗೆ ಕಿವಿಯಿಂದಲೇ ತಿಳಿಯಬೇಕು. ಅಂಗಡಿಗೆ ಹೆಚ್ಚಾಗಿ ಬರುತ್ತಿದ್ದದ್ದು ಶಾಲೆಯ ಯೂನಿಫಾರಂ ಕೆಲಸ. ಬಿಳಿ ಅಂಗಿ, ನೆರಿಗೆ ಹಿಡಿದ ಲಂಗ, ಮತ್ತೆ ಬಿಳಿ ಅಂಗಿ.

ಅಜ್ಜಿ ಹಾಸಿಗೆ ಹಿಡಿದ ವರ್ಷ ದೊಡ್ಡಮ್ಮನನ್ನು ಶಾಲೆ ಬಿಡಿಸಿ ಆರೈಕೆಗೆ ಕೂರಿಸಿದರು. ಅಜ್ಜಿ ತೀರಿಕೊಂಡ ಮೇಲೆ ಅವಳು ಮತ್ತೆ ಶಾಲೆಗೆ ಹೋದಾಗ ತಂಗಿಯ ತರಗತಿಯಲ್ಲೇ ಕೂರಬೇಕಾಯಿತು. ಆ ತಂಗಿಯೇ ನನ್ನ ಅಮ್ಮ. ಅಜ್ಜಿ ತುಳಿಯುತ್ತಿದ್ದ ಮಿಷನ್ ಕೂಡ ದೊಡ್ಡಮ್ಮನ ಪಾಲಿಗೆ ಬಂತು. ಶಾಲೆ ಬಿಟ್ಟೊಡನೆ ಅಂಗಡಿ, ಅಂಗಡಿ ಮುಚ್ಚಿದೊಡನೆ ಒಲೆ. ಅಮ್ಮನಿಗೆ ಇವೆರಡರಿಂದಲೂ ವಿನಾಯಿತಿ ಇತ್ತು. ಒಲೆ ಅವಳಿಗೆ ಬಾರದು, ಬಟ್ಟೆ ಅವಳು ಮುಟ್ಟುವಂತಿರಲಿಲ್ಲ. ಅವಳಿಗೆ ಅಂಗೈ ಬೆವರುವ ಕಾಟ. ಬೇಸಿಗೆ, ಚಳಿ ಎಂದಿಲ್ಲ, ಸದಾ ಒದ್ದೆ. ಬಿಳಿ ಬಟ್ಟೆ ಹಿಡಿದರೆ ಕಲೆ ಬೀಳುತ್ತಿತ್ತು, ಸೂಜಿ ಹಿಡಿದರೆ ಜಾರುತ್ತಿತ್ತು. ದಮ್ಮಯ್ಯ, ಈ ಕಡೆ ಬರಬೇಡ ತಾಯಿ ಎಂದು ತಾತ ಅವಳನ್ನು ನಗುನಗುತ್ತಲೇ ದೂರ ಇಡುತ್ತಿದ್ದ.

ಇಬ್ಬರೂ ಪ್ರೌಢಶಾಲೆಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಒಂದು ದಿನ ಸ್ಕಾಲರ್‌ಶಿಪ್ ಪರೀಕ್ಷೆಯ ಸುದ್ದಿ ತಂದರು. ಗೆದ್ದವರಿಗೆ ಹಾಸ್ಟೆಲ್, ಊಟ, ಪುಸ್ತಕ, ಕಾಲೇಜು ಮುಗಿಯುವವರೆಗೂ ಓದು, ಎಲ್ಲ ಉಚಿತ. ಒಂದೇ ಕೊಕ್ಕೆಯೆಂದರೆ ಒಂದು ಮನೆಯಿಂದ ಎಷ್ಟು ಜನ ಬರೆದರೂ ಒಬ್ಬರಿಗೆ ಮಾತ್ರ ಸಿಗುತ್ತಿತ್ತು. ಯಾರಿಗೆ ಸಿಗುತ್ತದೆ ಎಂಬ ಬಗ್ಗೆ ಶಾಲೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ದೊಡ್ಡಮ್ಮ ಲೆಕ್ಕದಲ್ಲಿ ಚುರುಕು, ವಿಜ್ಞಾನದಲ್ಲಿ ಇನ್ನೂ ಚುರುಕು. ಮೇಷ್ಟ್ರ ಸೊಂಟದಲ್ಲಿ ಪ್ರಯೋಗದ ಕೋಣೆಯ ಬೀಗದ ಕೈ ನೇತಾಡುತ್ತಿತ್ತಂತೆ. ಮುಂದೆ ಅಂಥದೊಂದು ಬೀಗದ ಕೈ ತನ್ನ ಸೊಂಟದಲ್ಲೂ ಇರಬೇಕು ಎಂಬುದು ಅವಳ ಆಸೆ. ಇಷ್ಟೇ ಅವಳು ಕೇಳಿದ್ದು, ಇಡೀ ಜನ್ಮದಲ್ಲಿ.

ಶಾಲೆಯ ಪಾಠಗಳಲ್ಲಿ ಅವಳಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಪರೀಕ್ಷೆಗೆಂದೇ ಗೊತ್ತುಮಾಡಿದ್ದ ಒಂದು ದಪ್ಪ ಪುಸ್ತಕದ್ದು. ಅದನ್ನು ತರಗತಿಯಲ್ಲಿ ಕಲಿಸುತ್ತಿರಲಿಲ್ಲ. ಶಾಲೆಯಲ್ಲಿದ್ದದ್ದು ಒಂದೇ ಪ್ರತಿ, ಅದನ್ನು ಮೇಷ್ಟ್ರು ತಮ್ಮ ಹೆಸರಿನಲ್ಲಿ ಬರೆಸಿ ಈ ಅಕ್ಕತಂಗಿಯರ ಕೈಗೆ ಕೊಟ್ಟರು. ದೊಡ್ಡಮ್ಮನಿಗೆ ಕೂತು ಓದಲು ಪುರಸೊತ್ತೆಲ್ಲಿ? ಹೊಸ ತರಗತಿಗಳು ಶುರುವಾಗುವ ಮೊದಲು ಯೂನಿಫಾರಂ ಕೊಡಬೇಕು, ಪರೀಕ್ಷೆ ಬರುವುದೂ ಅದೇ ಹೊತ್ತಿಗೆ. ಆಗ ಅಕ್ಕತಂಗಿಯರು ತಾವೇ ಒಂದು ಏರ್ಪಾಡು ಮಾಡಿಕೊಂಡರು. ಅಮ್ಮ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಓದುವುದು, ದೊಡ್ಡಮ್ಮ ಹೊಲಿಯುತ್ತ ಕೇಳುವುದು. ಓದಿದವಳಿಗೂ ಓದಾಯಿತು, ಕೇಳಿದವಳಿಗೂ ಓದಾಯಿತು.

ದೊಡ್ಡಮ್ಮನ ಕಿವಿ ಅಂಥದ್ದು. ಎರಡು ಸಲ ಕೇಳಿದ್ದು ಅವಳ ತಲೆಯಲ್ಲಿ ಅಚ್ಚೊತ್ತಿದಂತೆ ಕೂರುತ್ತಿತ್ತು. ಕೇಳಿದ ಪಾಠದ ಜೊತೆ ಸುತ್ತಲಿನ ಸದ್ದೂ ಸೇರಿಯೇ ಕೂರುತ್ತಿತ್ತು ಎಂಬುದು ತಮಾಷೆ. ಗ್ರಹಣದ ಪಾಠ ಹೇಳು ಎಂದರೆ, ಭೂಮಿಯ ನೆರಳು ಚಂದ್ರನ ಮೇಲೆ ಬಿತ್ತು ಎನ್ನುವಾಗ ಯಾವ ಗಿರಾಕಿ ಬಂದು ಕಾಲರ್ ಬಿಗಿಯಾಯಿತೆಂದು ಜಗಳ ತೆಗೆದಳು ಎಂಬುದನ್ನೂ ಸೇರಿಸಿ ಹೇಳುತ್ತಿದ್ದಳು. ಅಕ್ಕನ ಬಾಯಲ್ಲಿ ಗ್ರಹಣಕ್ಕೂ ಕಾಲರಿಗೂ ಗಂಟುಬಿದ್ದಿದೆ ಎಂದು ಅಮ್ಮ ನಗುತ್ತಿದ್ದಳಂತೆ.

ಓದುವಾಗ ಅಮ್ಮನಿಗೆ ಆಗಾಗ ಕೆಮ್ಮು ಬರುತ್ತಿತ್ತು. ಅಂಗಡಿಯೆಂದ ಮೇಲೆ ಹತ್ತಿಯ ದೂಳು ಇದ್ದದ್ದೇ. ಕೆಮ್ಮಿ, ಪುಟ ತಿರುವಿ, ಮುಂದೆ ಓದುವಳು. ಒಂದೊಂದು ಸಲ ದೊಡ್ಡಮ್ಮನಿಗೆ ಏನೋ ಜಿಗಿದಂತೆ ಅನಿಸುತ್ತಿತ್ತು. ಅಲ್ಲೇನೋ ಬಿಟ್ಟ ಹಾಗಿದೆಯಲ್ಲೇ ಎಂದು ಕೇಳಿದರೆ, ಪುಸ್ತಕದಲ್ಲಿ ಇರುವುದೇ ಹಾಗೆ ಎಂದು ಉತ್ತರ ಬರುತ್ತಿತ್ತು. ದೊಡ್ಡಮ್ಮ ನಂಬಿದಳು. ತಂಗಿಯನ್ನು ನಂಬದೆ ಇನ್ಯಾರನ್ನು ನಂಬಬೇಕು? ಎರಡು ತುಂಡು ಬಟ್ಟೆಯನ್ನು ಕೂಡಿಸುವಂತೆ, ಆ ಕಡೆಯ ಮಾತಿಗೂ ಈ ಕಡೆಯ ಮಾತಿಗೂ ತಾನೇ ಒಂದು ಕಾರಣ ಊಹಿಸಿ ಜೋಡಿಸಿಕೊಂಡಳು.

ಪರೀಕ್ಷೆಯ ದಿನ ಇಬ್ಬರೂ ಒಂದೇ ಹಾಲ್‌ನಲ್ಲಿ, ಅಕ್ಕಪಕ್ಕದ ಸಾಲುಗಳಲ್ಲಿ ಕೂತರು. ಲೆಕ್ಕದ ಭಾಗವನ್ನು ದೊಡ್ಡಮ್ಮ ನೀರು ಕುಡಿದಂತೆ ಮುಗಿಸಿದಳು. ಆಮೇಲೆ ಆ ದಪ್ಪ ಪುಸ್ತಕದ ಭಾಗ. ಮೊದಲ ಪ್ರಶ್ನೆಯೇ, ದೇಹದ ತುದಿಗಳನ್ನು ತಲುಪಿದ ರಕ್ತ ಹೃದಯಕ್ಕೆ ಹೇಗೆ ಮರಳುತ್ತದೆ ವಿವರಿಸಿ ಎಂದಿತ್ತು. ಅವಳು ಕಣ್ಣು ಮುಚ್ಚಿ ತಂಗಿಯ ದನಿಯನ್ನು ನೆನೆದಳು. ರಕ್ತ ಹೃದಯದಿಂದ ಹೊರಟಿತು, ದೊಡ್ಡ ನಾಳದಲ್ಲಿ ಹರಿಯಿತು, ಕವಲೊಡೆಯಿತು, ಬೆರಳ ತುದಿ ಮುಟ್ಟಿತು. ಅಲ್ಲಿ ತಂಗಿ ಕೆಮ್ಮಿದಳು. ಆಮೇಲೆ ಮೂತ್ರಪಿಂಡದ ಪಾಠ ಶುರುವಾಯಿತು. ಹೋದ ರಕ್ತ ಹಿಂದಿರುಗಲೇ ಇಲ್ಲ.

ಮುಂದಿನ ಪ್ರಶ್ನೆಯೂ ಅಂಥದ್ದೇ. ನೆನಪಿನಲ್ಲಿ ಅಲ್ಲಿಯವರೆಗೆ ಹೋದಳು, ಕೆಮ್ಮು ಬಂತು, ದಾರಿ ಮುಗಿಯಿತು. ಅದರ ಮುಂದಿನದಕ್ಕೂ ಹಾಗೇ ಆಯಿತು. ತಲೆ ಎತ್ತಿ ಪಕ್ಕದ ಸಾಲು ನೋಡಿದಳು. ತಂಗಿ ಕರವಸ್ತ್ರದಲ್ಲಿ ಪೆನ್ನು ಸುತ್ತಿ ಹಿಡಿದು ಒಂದೇ ಸಮನೆ ಬರೆಯುತ್ತಿದ್ದಳು, ತಲೆ ಎತ್ತಲಿಲ್ಲ. ದೊಡ್ಡಮ್ಮನಿಗೆ ಆ ಕ್ಷಣದಲ್ಲಿ ಎಲ್ಲ ತಿಳಿದುಹೋಯಿತು. ಕೂಗಾಡಲಿಲ್ಲ, ಎದ್ದು ಹೋಗಲಿಲ್ಲ. ಗೊತ್ತಿದ್ದಷ್ಟನ್ನು ದುಂಡಗೆ ಬರೆದು, ಗೊತ್ತಿಲ್ಲದ ಕಡೆ ಜಾಗ ಬಿಟ್ಟು, ಹೊರಗೆ ಬಂದು ತಂಗಿಗಾಗಿ ಗೇಟಿನ ಹತ್ತಿರ ಕಾದು ನಿಂತಳು. ಹೇಗಾಯ್ತಕ್ಕಾ ಎಂದು ತಂಗಿ ಕೇಳಿದ್ದಕ್ಕೆ, ಸುಮಾರಾಗಿ ಆಯಿತು ಎಂದಳಂತೆ.

ಸ್ಕಾಲರ್‌ಶಿಪ್ ಅಮ್ಮನಿಗೆ ಬಂತು. ದೊಡ್ಡಮ್ಮನಿಗಿಂತ ತುಸುವೇ ಹೆಚ್ಚು ಅಂಕ. ಮೇಷ್ಟ್ರು ನಂಬಲಾರದೆ ಮತ್ತೊಮ್ಮೆ ವಿಚಾರಿಸಿಕೊಂಡು ಬಂದರು. ಅಮ್ಮ ಹಾಸ್ಟೆಲಿಗೆ ಹೊರಟಾಗ ಅವಳ ಬಟ್ಟೆಯನ್ನೆಲ್ಲ ಹೊಲಿದುಕೊಟ್ಟದ್ದು ದೊಡ್ಡಮ್ಮನೇ. ತಂಗಿ ಹೋದ ಮೇಲೆ ದೊಡ್ಡಮ್ಮನ ಶಾಲೆಯೂ ನಿಂತಿತು. ಯಾರೂ ಬಿಡಿಸಲಿಲ್ಲ, ಒಂದು ವಾರ ಕೆಲಸ ಜಾಸ್ತಿ ಎಂದು ಹೋಗಲಿಲ್ಲ, ಆ ವಾರ ಮುಗಿಯಲೇ ಇಲ್ಲ. ಹಣೆಯಲ್ಲಿ ಬರೆದಿರಲಿಲ್ಲ ಬಿಡು ಮಗಳೇ ಎಂದು ತಾತ ಅವಳ ತಲೆ ಸವರಿದ. ಉಳಿದ ತುಂಡು ಬಟ್ಟೆಗಳಿಂದ, ಹತ್ತಿ ತುಂಬಿ, ಅವಳ ಸ್ಟೂಲಿಗೆ ಒಂದು ಮೆತ್ತನೆಯ ದಿಂಬನ್ನೂ ತನ್ನ ಕೈಯಾರೆ ಮಾಡಿಕೊಟ್ಟ. ಅದರ ಮೇಲೆ ಕೂತು ಅವಳು ಊರ ಮಕ್ಕಳಿಗೆಲ್ಲ ಯೂನಿಫಾರಂ ಹೊಲಿದಳು. ಮದುವೆಯ ಮಾತು ಬಂದಾಗಲೆಲ್ಲ ಅಪ್ಪನನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು, ಮದುವೆಯ ಮಾತು ಹೋಗುತ್ತಿತ್ತು.

ಚಿಕ್ಕಂದಿನಲ್ಲಿ ಇದನ್ನೆಲ್ಲ ನನಗೆ ಯಾರೂ ಹೇಳಿರಲಿಲ್ಲ. ನನ್ನ ಪಾಲಿಗೆ ಅಮ್ಮ ಎಂದರೆ ಮುಖ್ಯೋಪಾಧ್ಯಾಯಿನಿ, ಸುಳ್ಳು ಹೇಳಿದರೆ ಮನೆಯಲ್ಲೂ ಶಾಲೆಯಲ್ಲೂ ಚರ್ಮ ಸುಲಿಯುವವಳು. ತಾತ ಎಂದರೆ ನನ್ನ ಪ್ರಾಣ. ಕೈ ನಡುಗಿ ಕತ್ತರಿ ಹಿಡಿಯಲಾಗದ ಮೇಲೆ ಅವನು ಬೆಂಚಿನ ಮೇಲೆ ಕೂತು, ಹಳೆಯ ಡಬ್ಬಿಯಿಂದ ಗುಂಡಿಗಳನ್ನು ಆರಿಸಿ ಬಣ್ಣಬಣ್ಣದ್ದನ್ನು ಬೇರೆಬೇರೆ ಮುಚ್ಚಳಗಳಿಗೆ ಹಾಕುತ್ತಿದ್ದ. ಸಂಜೆಗೆ ನಾನೇ ಎಲ್ಲವನ್ನೂ ಮತ್ತೆ ಡಬ್ಬಿಗೆ ಸುರಿದುಬಿಡುತ್ತಿದ್ದೆ, ಇಲ್ಲದಿದ್ದರೆ ಮರುದಿನ ಅವನಿಗೆ ಕೆಲಸವೇ ಇರುತ್ತಿರಲಿಲ್ಲ. ಇದು ನಮ್ಮಿಬ್ಬರ ಒಳ ಒಪ್ಪಂದ.

ನಾನು ಪ್ರೌಢಶಾಲೆಗೆ ಬಂದಾಗ ಅದೇ ಸ್ಕಾಲರ್‌ಶಿಪ್ ಪರೀಕ್ಷೆಗೆ ಕೂರಬೇಕೆಂದು ಅಮ್ಮ ಹಟ ಹಿಡಿದಳು. ಸಂಜೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲವಾದ್ದರಿಂದ ದೊಡ್ಡಮ್ಮನ ಅಂಗಡಿಯಲ್ಲಿ ಓದಿಕೊಳ್ಳುವುದೆಂದಾಯಿತು. ನಾನು ತಾತನ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದೆ. ದೊಡ್ಡಮ್ಮ ಬೆನ್ನು ಹಾಕಿ ಹೊಲಿಯುತ್ತ ಕೇಳುತ್ತಿದ್ದಳು. ಒಂದು ದಿನ ಗಂಟಲಿಗೆ ದೂಳು ಸಿಕ್ಕಿ ನನಗೆ ಕೆಮ್ಮು ಬಂತು. ಮಿಷನ್ ನಿಂತಿತು. ದೊಡ್ಡಮ್ಮ ತಿರುಗಿ ಮೇಜಿನ ಕಡೆ ನೋಡಿದಳು. ಆಮೇಲೆ ಎದ್ದು ಬಂದು ಕೈ ಚಾಚಿದಳು.

"ಪುಸ್ತಕ ಕೊಡು ಇಲ್ಲಿ."

ನಾನು ಕೊಟ್ಟೆ. ಓದುತ್ತಿದ್ದ ಪುಟದ ಮೂಲೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು, ಹಿಂದಿನ ಪುಟದ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಓದಿಕೊಂಡಳು, ವಾಪಸು ಕೊಟ್ಟು ಹೋಗಿ ಕೂತಳು. ನನಗೆ ರೇಗಿಹೋಯಿತು. ನಾನೇನು ಕಳ್ಳಿಯೇ? ತಾತನ ಮುಖ ನೋಡಿದೆ. ಅವನು ಡಬ್ಬಿಯೊಳಗೆ ಕೈ ಹಾಕಿ ಏನನ್ನೋ ಹುಡುಕುತ್ತಿದ್ದ.

ಮನೆಗೆ ಬಂದವಳೇ ಅಮ್ಮನ ಮುಂದೆ ನಿಂತೆ. ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು, ಎಂದಿನಂತೆ ಅಂಗೈ ಕೆಳಗೆ ಕರವಸ್ತ್ರ ಹಾಸಿಕೊಂಡು. ನಿನ್ನ ಅಕ್ಕನಿಗೆ ತಲೆ ಕೆಟ್ಟಿದೆ, ಕೆಮ್ಮಿದರೆ ಪುಸ್ತಕ ಕಸಿದು ಪರೀಕ್ಷೆ ಮಾಡುತ್ತಾಳೆ ಎಂದೆ. ಅಮ್ಮ ನಕ್ಕು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು. ನಾನು ಮೇಲೆ ಬರೆದದ್ದರಲ್ಲಿ ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದಳು. ಯಾವ ಪುಟ, ಯಾವ ಪಾಠ, ಎಲ್ಲ ಅವಳಿಗೆ ನೆನಪಿತ್ತು. ಬೆವರಿಗೆ ಪುಟಗಳು ಅಂಟಿಕೊಂಡಿರಬೇಕು, ನಿನಗೆ ಗೊತ್ತಾಗಿರಲಿಕ್ಕಿಲ್ಲ ಎಂದು ನಾನೇ ಅವಳಿಗೊಂದು ದಾರಿ ಮಾಡಿಕೊಟ್ಟೆ. ಅವಳು ಆ ದಾರಿ ಹಿಡಿಯಲಿಲ್ಲ.

"ಮೊದಲನೇ ಸಲ ಅಂಟಿಕೊಂಡಿತ್ತು, ನಿಜ. ಅಕ್ಕನಿಗೆ ಗೊತ್ತೇ ಆಗ್ಲಿಲ್ಲ. ಅದು ನೋಡಿದ ಮೇಲೆ ಉಳಿದಿದ್ದೆಲ್ಲ ನಾನೇ ಮಾಡಿದ್ದು. ಬಿಟ್ಟ ಪುಟ ಆಮೇಲೆ ನಾನೊಬ್ಬಳೇ ಓದ್ಕೊಳ್ತಿದ್ದೆ."

ಯಾಕೆ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಏರಿತ್ತು.

"ಅವಳಿಗೆ ಮಿಷನ್ ಇತ್ತು. ನನ್ನ ಕೈಯಲ್ಲಿ ಏನಿತ್ತು, ಬೆವರು ಬಿಟ್ರೆ?"

ಅಮ್ಮ ಅಳಲಿಲ್ಲ. ಅತ್ತಿದ್ದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ. ನನ್ನ ಸಮವಸ್ತ್ರ, ನನ್ನ ಶಾಲೆಯ ಚೀಲ, ಅಮ್ಮನ ಕೆಲಸದಿಂದ ಬಂದ ನಮ್ಮ ಮನೆಯ ಗೋಡೆ, ಕಿಟಕಿ, ಎಲ್ಲವೂ ದೊಡ್ಡಮ್ಮನಿಂದ ಕಿತ್ತುಕೊಂಡದ್ದು ಎನಿಸಿತು. ಸುಳ್ಳು ಹೇಳಬಾರದು ಎಂದು ನನ್ನ ಕಿವಿ ಹಿಂಡಿದ ಕೈಯೇ ಇದು ಎಂದು ಯೋಚಿಸಿ ಯೋಚಿಸಿ ತಲೆ ಸಿಡಿಯಿತು.

ಮರುದಿನ ಶಾಲೆಯಿಂದ ನೇರವಾಗಿ ಅಂಗಡಿಗೆ ಓಡಿದೆ. ದೊಡ್ಡಮ್ಮ ಯೂನಿಫಾರಂ ಗಂಟನ್ನು ಕೊಟ್ಟುಬರಲು ಹೋಗಿದ್ದಳು. ತಾತ ಒಬ್ಬನೇ ಇದ್ದ. ನಾನು ಅವನ ತೊಡೆಯ ಮೇಲೆ ತಲೆಯಿಟ್ಟು ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಂಡೆ. ನಿನ್ನ ಮಗಳು ಹೀಗೆ ಮಾಡಿದಳು, ನಿನ್ನ ಅಂಗಡಿಯಲ್ಲೇ, ನಿನ್ನ ಕಣ್ಣೆದುರಿಗೇ ಎಂದೆ. ಅವನು ನನ್ನ ತಲೆ ಸವರಿದ.

"ಛೆ. ನನಗೆ ಗೊತ್ತೇ ಆಗ್ಲಿಲ್ಲ ನೋಡು ಮಗಳೇ. ನಾನು ಬಟ್ಟೆ ನೋಡ್ತಿದ್ನೋ, ಪುಸ್ತಕ ನೋಡ್ತಿದ್ನೋ? ಹೋಗ್ಲಿ ಬಿಡು, ಹಳೇದು."

ಆ ನಡುಗುವ ಕೈ ತಲೆಯ ಮೇಲೆ ಇದ್ದಷ್ಟು ಹೊತ್ತು ನನಗೆ ಸಮಾಧಾನವಾಯಿತು. ಈ ಮನೆಯಲ್ಲಿ ಇವನೊಬ್ಬನಾದರೂ ಇದ್ದಾನಲ್ಲ ಎಂದುಕೊಂಡೆ. ಅವನ ಗುಂಡಿಯ ಡಬ್ಬಿಯನ್ನು ಹತ್ತಿರ ಸರಿಸಿಕೊಟ್ಟೆ.

ದೊಡ್ಡಮ್ಮ ಬಂದು ಮುಖ ಒರೆಸಿಕೊಂಡು ಮಿಷನ್ ಮುಂದೆ ಕೂತಳು. ನಾನು ತಡೆಯಲಾಗದೆ ಶುರುಮಾಡಿದೆ. ನನಗೆ ಎಲ್ಲ ಗೊತ್ತಾಗಿದೆ, ಅಮ್ಮನೇ ಒಪ್ಪಿಕೊಂಡಳು, ಇಷ್ಟು ಗೊತ್ತಿದ್ದೂ ಅವಳ ಬಟ್ಟೆ ಹೊಲಿದುಕೊಟ್ಟೆಯಲ್ಲ, ಅವಳ ಮಗಳನ್ನು ಕೂರಿಸಿಕೊಂಡು ಓದಿಸುತ್ತೀಯಲ್ಲ, ನಿನಗೆ ಹೊಟ್ಟೆ ಉರಿಯುವುದಿಲ್ಲವೇ ಎಂದು ಒಂದೇ ಉಸಿರಿಗೆ ಕೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಮುಗಿಸುವವರೆಗೂ ಪೋಣಿಸಿದ ದಾರವನ್ನು ಕೈಯಲ್ಲೇ ಹಿಡಿದಿದ್ದಳು. ಮಾತಾಡುವಾಗ ತಿರುಗಲಿಲ್ಲ.

"ಉರೀತು. ಯಾಕೆ ಉರಿಯಲ್ಲ? ಹಾಲ್‌ನಲ್ಲಿ ಕೂತಾಗಲೇ ಉರೀತು. ಆದ್ರೆ ಅವಳು ಚಿಕ್ಕೋಳು, ಹೆದರಿಕೊಂಡಿದ್ಲು. ಅದು ನುಂಗೋಕಾಯ್ತು ನನಗೆ."

ಹಾಗಾದರೆ ಕೆಮ್ಮು ಕೇಳಿದಾಗೆಲ್ಲ ಯಾಕೆ ತಿರುಗಿ ನೋಡುತ್ತೀಯ ಎಂದೆ.

"ಅವಳು ಕೆಮ್ಮಿದಾಗೆಲ್ಲ ಇನ್ನೊಂದು ಸದ್ದು ನಿಲ್ತಿತ್ತು. ಕತ್ತರಿ. ಕರ್ ಕರ್ ಅಂತ ಬರ್ತಿದ್ದದ್ದು ಒಂದು ಗಳಿಗೆ ನಿಂತು, ಆಮೇಲೆ ಮತ್ತೆ ಶುರುವಾಗ್ತಿತ್ತು. ಪ್ರತಿ ಸಲ. ಮೇಜು ಬೆಂಚಿಗೆ ತಾಗಿಕೊಂಡೇ ಇದೆಯಲ್ಲ, ಅಲ್ಲಿ ನಿಂತೋರಿಗೆ ಪುಸ್ತಕ ಕಾಣುತ್ತೆ." ದಾರದ ತುದಿಯನ್ನು ಹಲ್ಲಿನಿಂದ ಕತ್ತರಿಸಿದಳು. "ಇದು ನನಗೆ ಹೊಳೆದಿದ್ದು ಅಪ್ಪ ಈ ದಿಂಬು ಕೊಟ್ಟ ದಿನ. ಮಿಷನ್ ತುಳಿಯೋಕೆ ಒಬ್ಬರು ಬೇಕಾಗಿತ್ತು."

ಬೆಂಚಿನ ಮೇಲೆ ಗುಂಡಿಗಳು ಮುಚ್ಚಳಕ್ಕೆ ಬೀಳುತ್ತಿದ್ದ ಸದ್ದು ನಿಂತಿತು.

ನಾನು ತಾತನ ಕಡೆ ತಿರುಗಿದೆ. ಅವನ ಕೈಯಲ್ಲಿ ಒಂದು ಬಿಳಿ ಗುಂಡಿ ಇತ್ತು. ಅಲ್ಲ ಎಂದು ಹೇಳಲಿ ಎಂದು ಕಾದೆ. ಈಗ ತಾನೇ ನನ್ನ ತಲೆ ಸವರಿ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿದರೆ ಸಾಕಿತ್ತು, ನಂಬುತ್ತಿದ್ದೆ. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಆ ಗುಂಡಿ ಮುಚ್ಚಳಕ್ಕೆ ಬಿತ್ತು. ಆಮೇಲೆ ಇನ್ನೊಂದು. ಸದ್ದು ಮತ್ತೆ ಶುರುವಾಯಿತು. ದೊಡ್ಡಮ್ಮನ ಬೆನ್ನು ಅಲುಗಾಡಲಿಲ್ಲ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ಮಾತ್ರ ನನಗೆ ಗೊತ್ತಾಗುತ್ತಿತ್ತು.

"ಓದು," ಎಂದಳು. "ನಿನ್ನೆ ನಿಲ್ಲಿಸಿದ ಕಡೆಯಿಂದ."

ಅವಳ ಕಾಲು ಪೆಡಲನ್ನು ಒತ್ತಿತು. ನಾನು ಪುಸ್ತಕ ತೆಗೆದೆ. ತಾತನ ಪಕ್ಕದಲ್ಲಿ ನನ್ನ ಜಾಗ ಖಾಲಿಯೇ ಇತ್ತು, ಅವನು ಸ್ವಲ್ಪ ಸರಿದೂ ಕೊಟ್ಟ. ನಾನು ಅಲ್ಲಿ ಕೂರಲಿಲ್ಲ. ಕಿಟಕಿಯ ಹತ್ತಿರ ಹೋಗಿ, ದೊಡ್ಡಮ್ಮನಿಗೆ ಪುಟ ಕಾಣುವಂತೆ ಹಿಡಿದುಕೊಂಡು, ನಿಂತೇ ಓದಿದೆ.